ಪದ ಬೇಕು, ತುರ್ತು: ಸಭೆಯ ‘ಸೂಪರಿಂಟೆಂಡೆಂಟ್’ ಕನ್ನಡದಲ್ಲಿ ಯಾರು?

ಮಂಗಳೂರಿನಿಂದ, ಮಂಗಳವಾರ ಬೆಳಿಗ್ಗೆ 7:40

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕಾಗಿದೆ. ನಾಳೆ ಸಂಜೆ ನಾಲ್ಕಕ್ಕೆ ಪುಟಗಳು ಪ್ರೆಸ್ಸಿಗೆ ಹೋಗುತ್ತವೆ. ಅಕ್ಟೋಬರ್ 31ರ ಸುಧಾರಣೆಯ ದಿನಕ್ಕೆ (ಪ್ರೊಟೆಸ್ಟೆಂಟ್ ಸುಧಾರಣೆಯನ್ನು ನೆನೆಯುವ ದಿನ) ನಮ್ಮ ಚರ್ಚಿನ ಸಭೆಯವರು ಒಂದು ಕಿರುಪುಸ್ತಕ ತರುತ್ತಿದ್ದಾರೆ. ಮಾರ್ಟಿನ್ ಲೂಥರ್ ವಿಷಯ ಪ್ರತಿ ವರ್ಷ ಬರುತ್ತದೆ. ಈ ಸಲ ಅವರ ನಂತರದ ತಲೆಮಾರಿನವರ ಬಗ್ಗೆಯೂ ಬರೆಯೋಣ ಅಂತ ಆಯಿತು. ನನ್ನ ಪಾಲಿಗೆ ಬಂದವರು ಲೂಥರನ್ ದೇವತಾಶಾಸ್ತ್ರಜ್ಞ ಯೊಹಾನ್ ಗೆರ್ಹಾರ್ಡ್. ಎರಡು ಪುಟ.

ಹಿನ್ನೆಲೆ ಇಷ್ಟು. ಅವರು ಹುಟ್ಟಿದ್ದು 1582ರಲ್ಲಿ, ಜರ್ಮನಿಯ ಕ್ವೆಡ್ಲಿನ್‌ಬುರ್ಗಿನಲ್ಲಿ. ಹದಿನೈದರ ಆಸುಪಾಸಿನಲ್ಲಿ ಕಾಯಿಲೆ ಬಿದ್ದು ಉಳಿಯುವುದೇ ಕಷ್ಟ ಅನ್ನುವಂತಾಯಿತು. ಆಗ ಧೈರ್ಯ ತುಂಬಿದವರು ಆ ಊರಿನ ಸಭಾಪಾಲಕ (ಪಾಸ್ಟರ್) ಯೊಹಾನ್ ಆರ್ನ್ಟ್. ಹುಡುಗ ದೇವತಾಶಾಸ್ತ್ರ ಓದುವ ಮನಸ್ಸು ಮಾಡಿದ್ದು ಅಲ್ಲೇ. 1599ರಲ್ಲಿ ವಿಟೆನ್‌ಬೆರ್ಗಿಗೆ ಹೋದರು. ನೆಂಟರೊಬ್ಬರ ಮಾತು ಕೇಳಿ ನಡುವೆ ಎರಡು ವರ್ಷ ವೈದ್ಯ ಓದಿದರು. 1603ರಲ್ಲಿ ಯೇನಾಕ್ಕೆ ಹೋಗಿ ಮತ್ತೆ ದೇವತಾಶಾಸ್ತ್ರ ಹಿಡಿದರು. ಮಾರ್ಬುರ್ಗಿನಲ್ಲೂ ಸ್ವಲ್ಪ ಕಾಲ ಇದ್ದರು. 1606ರಲ್ಲಿ ಡಾಕ್ಟರ್ ಪದವಿ ಬಂತು. ಇಲ್ಲಿಯವರೆಗೆ ಅನುವಾದ ಸಲೀಸಾಗಿ ಹೋಯಿತು. ಸಿಕ್ಕಿಬಿದ್ದದ್ದು ಮುಂದಿನ ವಾಕ್ಯದಲ್ಲಿ:

“ಅದೇ ವರ್ಷ ಕೋಬುರ್ಗಿನ ಡ್ಯೂಕ್ ಯೊಹಾನ್ ಕಾಸಿಮಿರ್, ಗೆರ್ಹಾರ್ಡರನ್ನು ಹೆಲ್ಡ್‌ಬುರ್ಗಿನ ______ ಆಗಿ ನೇಮಿಸಿದರು.”

ಮೂಲದಲ್ಲಿ ಸೂಪರಿಂಟೆಂಡೆಂಟ್ ಅಂತ ಇದೆ. ನಿನ್ನೆ ರಾತ್ರಿ ಹಾಗೇ ಬರೆದು ಅಜ್ಜಿಗೆ ಓದಿ ಹೇಳಿದೆ. ಈ ಪುಸ್ತಕ ಓದುವವರಲ್ಲಿ ಜಾಸ್ತಿ ಜನ ಅವರ ವಯಸ್ಸಿನವರೇ. ಅಜ್ಜಿ ಕೇಳಿದ್ದು ಒಂದೇ: “ಯಾವ ಜೈಲಿಗೆ?” ‘ಮೇಲ್ವಿಚಾರಕ’ ಅಂತ ತಿದ್ದಿ ಓದಿದೆ. “ಕಟ್ಟಡ ಕಟ್ಟಿಸುವವರಾ?” ಅಂದರು. ‘ಬಿಷಪ್’ ಹಾಕಿದರೆ ತಪ್ಪು ಮಾಹಿತಿ. ಆ ಸೀಮೆಗಳ ಲೂಥರನ್ ಸಭೆಗಳಲ್ಲಿ ಬಿಷಪ್ಪರ ಜಾಗದಲ್ಲೇ ಈ ಹೊಸ ಹುದ್ದೆ ಬಂದದ್ದು. ನಮ್ಮ ಸತ್ಯವೇದದ ‘ಸಭಾಧ್ಯಕ್ಷ’ ಸಭೆಯೊಳಗಿನವರಿಗೆ ಸರಿ. ಹೊರಗಿನವರು ಓದಿದರೆ ವಿಧಾನಸಭೆ ನೆನಪಾಗುತ್ತದೆ, ಅಲ್ವಾ?

ಇನ್ನೊಂದು ಸಣ್ಣ ತೊಡಕು. ಅವರ ದೊಡ್ಡ ಕೃತಿ ‘ಲೋಕಿ ಥಿಯೊಲಾಜಿಕಿ’. 1610ರಿಂದ 1622ರವರೆಗೆ ಒಂಬತ್ತು ಸಂಪುಟ. ‘ದೇವತಾಶಾಸ್ತ್ರದ ವಿಷಯಗಳು’ ಅಂತ ಬರೆದಿದ್ದೇನೆ. ಸಪ್ಪೆ ಅನಿಸುತ್ತಿದೆ.

ದಯವಿಟ್ಟು ಬೇಗ ಹೇಳಿ.


ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ 8:15

‘ಮೇಲ್ವಿಚಾರಕ’ ಬೇಡ. ಅರಿಸಮಾಸ, ಅಂದರೆ ಕನ್ನಡ ಪದಕ್ಕೆ ಸಂಸ್ಕೃತ ಪದ ಕೂಡಿಸಿ ಮಾಡಿದ ಸಮಾಸ. ಕಚೇರಿ ಕಡತದಲ್ಲಿ ಹುಟ್ಟಿದ ಪದ, ಕಡತದಲ್ಲೇ ಇರಲಿ.

ಹೊಸ ಪದ ಹುಡುಕುವ ಅಗತ್ಯವೂ ಇಲ್ಲ. ಕನ್ನಡ ಶಾಸನಗಳಲ್ಲಿ ‘ಪೆರ್ಗಡೆ’ ಇದೆ, ಅದೇ ‘ಹೆಗ್ಗಡೆ’. ಸುಂಕ ನೋಡಿಕೊಳ್ಳುವವನು ಸುಂಕದ ಹೆಗ್ಗಡೆ. ಅರಮನೆಯ ಒಳಗಿನದನ್ನು ನೋಡಿಕೊಳ್ಳುವವನು ಮನೆವೆರ್ಗಡೆ. ಒಂದು ಇಲಾಖೆಯನ್ನು ಮೇಲೆ ನಿಂತು ನಡೆಸುವ ಹಿರಿಯ ಅಂತ ಅರ್ಥ. ‘ಹೆಲ್ಡ್‌ಬುರ್ಗಿನ ಸಭೆಗಳ ಹೆಗ್ಗಡೆ’ ಅಂತ ಬರೆಯಿರಿ. ಚರ್ಚೆಗೆ ಇದರಲ್ಲಿ ಏನೂ ಉಳಿದಿಲ್ಲ.


ಬೆಂಗಳೂರಿನಿಂದ, ಮಂಗಳವಾರ ಬೆಳಿಗ್ಗೆ 9:02

ಮೇಷ್ಟ್ರೇ, ಉಳಿದಿದೆ.

ಅರಿಸಮಾಸ ಕೂಡದು ಅಂದ ವ್ಯಾಕರಣಕಾರ ಕೇಶಿರಾಜನೇ ಬಿರುದಾವಳಿಗೆ ವಿನಾಯಿತಿ ಕೊಟ್ಟಿದ್ದಾನೆ. ಸೂಪರಿಂಟೆಂಡೆಂಟ್ ಅನ್ನೋದು ಹೆಸರಿನ ಹಿಂದೆ ಮುಂದೆ ಹಾಕಿಕೊಳ್ಳುವ ಬಿರುದೇ ತಾನೇ? ‘ಮಳೆಗಾಲ’ವನ್ನು ದಿನಾ ಬಳಸುತ್ತೇವೆ. ಅದೂ ಕನ್ನಡ ಸಂಸ್ಕೃತ ಕೂಡಿದ್ದೇ. ಅದನ್ನೂ ಬಿಡಬೇಕಾ?

ಆದರೆ ನನ್ನ ಮಾತು ಬೇರೆ. ‘ಸೂಪರಿಂಟೆಂಡೆಂಟ್’ ಅಂತಲೇ ಇಡಿ. ಕ್ರೈಸ್ತ ಸಭೆಯ ಮಾತು ಕನ್ನಡಕ್ಕೆ ಬಂದಿದ್ದೇ ಹೀಗೆ. ಪಾದ್ರಿ, ಇಗರ್ಜಿ ಎರಡೂ ಪೋರ್ಚುಗೀಸಿನವು. ಯಾರಿಗಾದರೂ ಅವು ಹೊರಗಿನವು ಅನಿಸುತ್ತವಾ? ಮೇಜು, ಸಾಬೂನು, ಚಾವಿ ಎಲ್ಲ ಅದೇ ದಾರಿಯಲ್ಲಿ ಬಂದವು. ನಾನ್ನೂರು ವರ್ಷ ಹಿಂದಿನ ಜರ್ಮನ್ ಹುದ್ದೆಗೆ ಹೊಯ್ಸಳರ ಕಾಲದ ಹುದ್ದೆಯ ಹೆಸರು ಕೊಟ್ಟರೆ ಓದುವವರು ಹೆಲ್ಡ್‌ಬುರ್ಗನ್ನು ಬೇಲೂರಿನ ಪಕ್ಕ ಹುಡುಕುತ್ತಾರೆ. ಅದರ ಮೇಲೆ, ಹೆಗ್ಗಡೆ ಈಗ ಮನೆತನದ ಹೆಸರು. ಕರಾವಳಿಯ ಓದುಗರಿಗಂತೂ ಬೇರೆ ಅರ್ಥ ಹೊಳೆಯುವುದೇ ಇಲ್ಲ.


ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ 9:20

ಹುದ್ದೆ ಬಿರುದಲ್ಲ. ಬಿರುದು ಗೆದ್ದು ಪಡೆಯುವುದು, ಸತ್ತ ಮೇಲೂ ಇರುತ್ತದೆ. ಹುದ್ದೆ ದೊರೆ ಕೊಡುವುದು, ದೊರೆಯೇ ಕಿತ್ತುಕೊಳ್ಳಬಹುದು. ಸೂತ್ರ ಓದಿ ಬನ್ನಿ.

‘ಕಾಲ’ ಸಮಸಂಸ್ಕೃತ, ಅಂದರೆ ಸಂಸ್ಕೃತಕ್ಕೂ ಕನ್ನಡಕ್ಕೂ ಒಂದೇ ರೂಪದಲ್ಲಿ ಸಲ್ಲುವ ಪದ. ಅದಕ್ಕೆ ದೋಷವಿಲ್ಲ.


ಬೆಂಗಳೂರಿನಿಂದ, ಮಂಗಳವಾರ ಬೆಳಿಗ್ಗೆ 9:31

‘ಕಾಲ’ಕ್ಕೆ ಕೊಟ್ಟ ಜಾಗ ‘ವಿಚಾರ’ಕ್ಕೆ ಯಾಕಿಲ್ಲ? ಹಳ್ಳಿಯಲ್ಲಿ ಅಕ್ಷರ ಬಾರದವರೂ “ವಿಚಾರ ಮಾಡಿ ಹೇಳ್ತೀನಿ” ಅಂತಾರೆ. ಯಾವ ಪದ ಕನ್ನಡವಾಯಿತು, ಯಾವುದು ಆಗಲಿಲ್ಲ ಅನ್ನೋದನ್ನು ಆಡುವ ಜನ ತೀರ್ಮಾನ ಮಾಡುತ್ತಾರೆ.


ಮಂಡ್ಯದಿಂದ, ಮಂಗಳವಾರ ಬೆಳಿಗ್ಗೆ 11:10

ಮಂಗಳೂರಿನ ಅಕ್ಕನಿಗೆ ನಮಸ್ಕಾರ. ಇಬ್ಬರೂ ಹಿರಿಯರು ಜಗಳದಲ್ಲಿ ನಿಮ್ಮ ಗಡುವು ಮರೆತರು ಅನಿಸಿತು. ನನ್ನ ಪದ ‘ಪಾರುಪತ್ಯಗಾರ’. ಆಡುಮಾತಿನಲ್ಲಿ ಪಾರುಪತ್ತೇಗಾರ.

ಹಳೇ ಮೈಸೂರು ಕಡೆಯ ದೊಡ್ಡ ದೇವಸ್ಥಾನಗಳಲ್ಲಿ ಈ ಹುದ್ದೆ ಇದೆ. ನನ್ನ ತಾತ ಒಂದು ಗುಡಿಯಲ್ಲಿ ಪಾರುಪತ್ತೇಗಾರರಾಗಿದ್ದರು. ಅವರು ಪೂಜೆ ಮಾಡುತ್ತಿರಲಿಲ್ಲ. ಆದರೆ ಅವರ ಕಣ್ಣು ತಪ್ಪಿಸಿ ಪೂಜೆ ನಡೆಯುತ್ತಲೂ ಇರಲಿಲ್ಲ. ಬೆಳಗಿನ ಜಾವ ಸೊಂಟದಲ್ಲಿ ಬೀಗದ ಕೈ ಗೊಂಚಲು, ಕಂಕುಳಲ್ಲಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. ಪಾಕಶಾಲೆಗೆ ಎಷ್ಟು ಸೇರು ಅಕ್ಕಿ ಹೋಯಿತು, ತುಪ್ಪ ಎಷ್ಟು, ಪರಿಚಾರಕರಲ್ಲಿ ಯಾರು ಬಂದಿಲ್ಲ, ಎಲ್ಲ ಅದರಲ್ಲಿ. ಹೊಸಬರು ಮಂತ್ರ ತಪ್ಪು ಹೇಳಿದರೆ ತಾತ ಅಲ್ಲಿ ಏನೂ ಅನ್ನುತ್ತಿರಲಿಲ್ಲ. ಮಂಗಳಾರತಿ ಆದಮೇಲೆ ಹೊರಗೆ ಕರೆದು ಮೆಲ್ಲಗೆ ತಿದ್ದುತ್ತಿದ್ದರು. ಸಭೆಯ ಸೂಪರಿಂಟೆಂಡೆಂಟ್ ಮಾಡುವ ಕೆಲಸವೂ ಹೆಚ್ಚು ಕಡಿಮೆ ಇದೇ ಅಲ್ಲವೇ?

ಪದದ ಹುಟ್ಟು ಇನ್ನೂ ಸೊಗಸು. ಹಳಗನ್ನಡದಲ್ಲಿ ‘ಪಾರ್’ ಅಂದರೆ ನೋಡು, ಎದುರುನೋಡು. ನಮ್ಮ ‘ಹಾರೈಸು’ ಅದರ ಮಗು. ತಮಿಳಿನಲ್ಲಿ ಇವತ್ತಿಗೂ ಪಾರ್ ಅಂದರೆ ನೋಡು. ಪಾರುಪತ್ಯ ಅಂದರೆ ನೋಡಿಕೊಳ್ಳುವಿಕೆ. ಬಿಷಪ್ ಪದದ ಮೂಲವಾದ ಗ್ರೀಕಿನ ‘ಎಪಿಸ್ಕೊಪೊಸ್’ ಕೂಡ ಮೇಲಿಂದ ನೋಡುವವನು ಅಂತ ಕೇಳಿದ್ದೇನೆ. ಎರಡರ ಬೇರಿನಲ್ಲೂ ಕಣ್ಣೇ ಇದೆ. ಇದಕ್ಕಿಂತ ಹತ್ತಿರದ ಪದ ಸಿಗಲಾರದು.


ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ 11:25

‘ಪಾರ್’ ಸರಿ. ‘ಪತ್ಯ’ ಎಲ್ಲಿಂದ ಬಂತು? ಅಚ್ಚಗನ್ನಡ ಧಾತುವಿಗೆ ಆಧಿಪತ್ಯದ ಬಾಲ ಹೇಗೆ ಅಂಟಿತು? ಅದನ್ನು ಹೇಳದೆ ಬೇರು ತೋರಿಸಿದರೆ ಅರ್ಧ ಗಿಡ ತೋರಿಸಿದ ಹಾಗೆ. ಇದನ್ನು ನಿರುಕ್ತಿ ಅನ್ನಲಾರೆ.


ಯೇನಾದಿಂದ, ಮಂಗಳವಾರ ಮಧ್ಯಾಹ್ನ 2:05 (ಇಂಡಿಯಾ ಸಮಯ)

ಎಲ್ಲರಿಗೂ ನಮಸ್ಕಾರ. ನಾನು ಹನ್ನೊಂದು ವರ್ಷದಿಂದ ಯೇನಾದಲ್ಲಿದ್ದೇನೆ. ಗೆರ್ಹಾರ್ಡ್ 1616ರಿಂದ 1637ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ ಊರು ಇದೇ. ಆ ಹೆಸರನ್ನು ಕನ್ನಡದ ಗುಂಪಿನಲ್ಲಿ ಓದಿ ತುಂಬ ಖುಷಿಯಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ಕ್ಷಮಿಸಿ.

ಮಂಡ್ಯದವರು ಹೇಳಿದ್ದರಲ್ಲಿ ಗ್ರೀಕಿನ ಭಾಗ ನಿಜ. ಎಪಿ ಅಂದರೆ ಮೇಲೆ, ಸ್ಕೊಪೊಸ್ ಅಂದರೆ ನೋಡುವವನು. ಹಳೆಯ ಕಾಲದ ಕ್ರೈಸ್ತ ಗುರು ಅಗಸ್ಟೀನ್ ತಮ್ಮ ‘ದೇವರ ನಗರ’ ಗ್ರಂಥದ 19ನೇ ಪುಸ್ತಕದಲ್ಲಿ ಈ ಪದವನ್ನು ಬಿಡಿಸಿ, ಲ್ಯಾಟಿನ್ನಿನಲ್ಲಿ ‘ಸುಪೆರ್‌ಇಂಟೆಂಡೆರೆ’ ಅನ್ನಬಹುದು ಅಂತ ಹೇಳುತ್ತಾರೆ. ಅಲ್ಲಿ ಅವರು ಹೇಳಹೊರಟದ್ದು, ಇದು ಗೌರವದ ಹೆಸರಲ್ಲ, ಕೆಲಸದ ಹೆಸರು ಅಂತ. ಮೇಷ್ಟ್ರು ಹುದ್ದೆ ಬಿರುದಲ್ಲ ಅಂದರಲ್ಲ, ಆ ಮಾತಿಗೆ ಅಗಸ್ಟೀನರ ಬೆಂಬಲ ಇದೆ.

ಅಂದರೆ ಸೂಪರಿಂಟೆಂಡೆಂಟ್ ಅನ್ನೋದು ಬಿಷಪ್ ಪದದ ಅನುವಾದವೇ. ಗ್ರೀಕ್ ಪದ ಸವೆದು ಬಿಷಪ್ ಆಯಿತು. ಅದಕ್ಕೆ ಅರಮನೆ, ಜಮೀನು, ಅಧಿಕಾರ ಎಲ್ಲ ಅಂಟಿಕೊಂಡವು. ಲೂಥರನ್ನರಿಗೆ ಆ ಕೆಲಸ ಬೇಕಿತ್ತು, ಆ ಠೀವಿ ಬೇಡವಾಗಿತ್ತು. ಹಾಗಾಗಿ ಅದೇ ಅರ್ಥದ ಲ್ಯಾಟಿನ್ ಪದ ಹಿಡಿದರು. 1528ರಲ್ಲಿ ಲೂಥರರ ಜೊತೆಗಾರ ಮೆಲಾಂಕ್‌ಥಾನ್ ಬರೆದ, ಲೂಥರ್ ಮುನ್ನುಡಿಯ, ಸಭೆಗಳ ತನಿಖೆಯ ನಿರ್ದೇಶನದಲ್ಲೇ ಈ ಹುದ್ದೆ ಇದೆ. ಸುತ್ತಲಿನ ಸಭಾಪಾಲಕರು ಏನು ಬೋಧಿಸುತ್ತಾರೆ, ಹೇಗೆ ಬದುಕುತ್ತಾರೆ ಅಂತ ನೋಡಬೇಕು. ಹೊಸಬರನ್ನು ನೇಮಿಸುವ ಮುಂಚೆ ಪರೀಕ್ಷೆ ಮಾಡಬೇಕು. ಗಮನಿಸಿ, ಅಲ್ಲಿ ಕಾಗುಣಿತ ‘ಸುಪೆರ್‌ಅಟೆಂಡೆಂಟ್’ ಅಂತ ಇದೆ. ಪದ ಇನ್ನೂ ಬಾಯಿಗೆ ಒಗ್ಗಿರಲಿಲ್ಲ.

ಹೆಲ್ಡ್‌ಬುರ್ಗಿಗೆ ಹೋಗಿದ್ದೇನೆ. ಪುಟ್ಟ ಊರು, ತಲೆಯ ಮೇಲೆ ಗುಡ್ಡ, ಗುಡ್ಡದ ಮೇಲೆ ಕೋಟೆ. ಕೆಳಗಿನ ಬೀದಿಯಲ್ಲಿ ನಿಂತರೆ ಕತ್ತು ಎತ್ತಿ ನೋಡಬೇಕು. ಇಪ್ಪತ್ತನಾಲ್ಕರ ಹುಡುಗ ಇಲ್ಲಿಗೆ ಬಂದು, ತನ್ನ ಅಪ್ಪನ ವಯಸ್ಸಿನ ಸಭಾಪಾಲಕರ ಪ್ರಸಂಗಗಳನ್ನು (ಬೋಧನೆಗಳನ್ನು) ತೂಗಿ ನೋಡಬೇಕಿತ್ತು ಅಂತ ಅಲ್ಲಿ ನಿಂತಾಗ ಅನಿಸಿತು. ಅದರ ಜೊತೆಗೆ ಕೋಬುರ್ಗಿಗೆ ಹೋಗಿ, ಡ್ಯೂಕ್ 1605ರಲ್ಲಿ ಸ್ಥಾಪಿಸಿದ್ದ ಕಾಸಿಮಿರಿಯಾನುಮ್ ಶಾಲೆಯಲ್ಲಿ ಶಾಸ್ತ್ರವಾದಗಳನ್ನೂ ನಡೆಸುತ್ತಿದ್ದರು. ‘ಲೋಕಿ’ಯ ಮೊದಲ ಸಂಪುಟಗಳು ಹೊರಬಂದದ್ದೂ ಈ ಓಡಾಟದ ವರ್ಷಗಳಲ್ಲೇ. 1615ರಲ್ಲಿ ಇಡೀ ಸಂಸ್ಥಾನಕ್ಕೆ ಜನರಲ್ ಸೂಪರಿಂಟೆಂಡೆಂಟ್ ಆದರು. ಮರುವರ್ಷ ಯೇನಾದ ಪ್ರಾಧ್ಯಾಪಕರು. ಆಮೇಲೆ ಜರ್ಮನಿಯ ಬಹುಪಾಲು ವಿಶ್ವವಿದ್ಯಾಲಯಗಳಿಂದ, ಸ್ವೀಡನ್ನಿನ ಉಪ್ಸಾಲದಿಂದಲೂ ಕರೆ ಬಂತು. ಯೇನಾ ಬಿಡಲಿಲ್ಲ. ಮೂವತ್ತು ವರ್ಷಗಳ ಯುದ್ಧ 1618ರಲ್ಲಿ ಶುರುವಾಗಿತ್ತು, ಅದರ ನಡುವೆಯೇ ಪಾಠ, ಬರಹ ಎರಡೂ ನಡೆದವು.

ಈಗ ಎರವಲು ಪದದ ಜಗಳಕ್ಕೆ ಬರುತ್ತೇನೆ. ಇದೇ ಜಗಳ ಆಗ ಇಲ್ಲೂ ಇತ್ತು. ಯೇನಾ ಪಕ್ಕದ ವೈಮಾರಿನಲ್ಲಿ 1617ರಲ್ಲಿ ಒಂದು ಕೂಟ ಹುಟ್ಟಿತು. ಹೆಸರಿನ ಅರ್ಥ ‘ಫಲ ಕೊಡುವ ಕೂಟ’. ಜರ್ಮನ್ ನುಡಿಯನ್ನು ಬೇಡದ ಪರಭಾಷಾ ಪದಗಳಿಂದ ಬಿಡಿಸಬೇಕು ಅನ್ನೋದು ಅದರ ಆಸೆಗಳಲ್ಲಿ ಒಂದು. ಮಂಗಳೂರಿನವರಿಗೆ ಇದು ಹಿಡಿಸಬಹುದು: ಅದರ ಲಾಂಛನ ತೆಂಗಿನಮರ. ಧ್ಯೇಯವಾಕ್ಯ ‘ಎಲ್ಲವೂ ಉಪಯೋಗಕ್ಕೆ’. ಮುಂದೆ ಆ ಕೂಟ ಸೇರಿದ ಫಿಲಿಪ್ ಫಾನ್ ಚೇಸೆನ್ ರಾಶಿಗಟ್ಟಲೆ ಪದ ಕಟ್ಟಿದರು. ಡಯಲೆಕ್ಟ್‌ಗೆ ‘ಮುಂಡ್‌ಆರ್ಟ್’, ಅಂದರೆ ಬಾಯಿಯ ರೀತಿ. ವಿಳಾಸಕ್ಕೆ ‘ಆನ್‌ಶ್ರಿಫ್ಟ್’. ಇವೆರಡೂ ಇವತ್ತು ಇಲ್ಲಿ ಮಕ್ಕಳ ಬಾಯಲ್ಲೂ ಇವೆ. ಸನ್ಯಾಸಿನಿಯರ ಮಠಕ್ಕೆ ‘ಕನ್ಯೆಯರ ಆವರಣ’ ಅನ್ನುವಂಥ ಪದ ಕೊಟ್ಟರು, ಅದು ನಿಲ್ಲಲಿಲ್ಲ. ಸೂಪರಿಂಟೆಂಡೆಂಟ್ ಪದ ಮಾತ್ರ ಹಾಗೇ ಉಳಿಯಿತು. ನಮ್ಮ ಭಾಗದ ಸಭಾ ಕಚೇರಿಗೆ ಇಂದಿಗೂ ‘ಸುಪೆರಿಂಟೆಂಡೆಂಟೂರ್’ ಅನ್ನುತ್ತಾರೆ.

ಗೆರ್ಹಾರ್ಡರೂ ಪದ ಕೊಟ್ಟವರೇ. ಸಭಾಪಿತೃಗಳ, ಅಂದರೆ ಹಳೆಯ ಕಾಲದ ಕ್ರೈಸ್ತ ಗುರುಗಳ, ಬರಹಗಳ ಅಧ್ಯಯನಕ್ಕೆ ‘ಪಾತ್ರೊಲೊಗಿಯಾ’ ಅಂತ ಹೆಸರಿಟ್ಟರು. ಆ ಹೆಸರಿನ ಪುಸ್ತಕ ಅವರು ತೀರಿಕೊಂಡ ಮೇಲೆ, 1653ರಲ್ಲಿ ಅಚ್ಚಾಯಿತು.


ಬೆಂಗಳೂರಿನಿಂದ, ಮಂಗಳವಾರ ಮಧ್ಯಾಹ್ನ 2:40

ನೋಡಿ. ಜರ್ಮನ್ನರೇ ಎರವಲು ಇಟ್ಟುಕೊಂಡರು. ಶುದ್ಧ ಮಾಡಲು ಹೊರಟ ಊರಿನ ಪಕ್ಕದಲ್ಲೇ ಲ್ಯಾಟಿನ್ ಪದ ನಾನ್ನೂರು ವರ್ಷ ಬಾಳಿದೆ. ನನ್ನ ವಾದ ಮುಗಿಯಿತು.


ಮೈಸೂರಿನಿಂದ, ಮಂಗಳವಾರ ಮಧ್ಯಾಹ್ನ 2:52

ಅದೇ ಪತ್ರದಲ್ಲಿ ‘ಬಾಯಿಯ ರೀತಿ’ ಮಕ್ಕಳ ಬಾಯಲ್ಲಿದೆ ಅಂತಲೂ ಇದೆ. ನಿಮಗೆ ಬೇಕಾದ ಸಾಲು ಮಾತ್ರ ಓದಿದಿರಿ.

ಯೇನಾದವರಿಗೆ ವಂದನೆ. ಆ ಚೇಸೆನ್ ಒಬ್ಬನೇ ಕೂತು ಕಟ್ಟಿದ ಪದ ಜನರ ಬಾಯಿಗೆ ಹೋಯಿತು ಅಂದರೆ ಕಟ್ಟಬೇಕು ಅಂತ ಅರ್ಥ. ಹತ್ತು ಕಟ್ಟಿದರೆ ಎರಡು ನಿಲ್ಲುತ್ತವೆ. ಕಟ್ಟದಿದ್ದರೆ ಆ ಎರಡೂ ಇಲ್ಲ. ನಾನು ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಹೇಳಿದ್ದೇನೆ. ಪ್ರತಿ ವರ್ಷ ಮಕ್ಕಳ ಮಾತಿನಿಂದ ಹತ್ತಾರು ಪದ ಕಾಣೆಯಾಗುವುದನ್ನು ಕಣ್ಣಾರೆ ನೋಡಿದ್ದೇನೆ. ಅಟ್ಟ, ಪಡಸಾಲೆ, ಹಗೇವು. ಒಂದೊಂದು ಪದ ಹೋದಾಗಲೂ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದಕ್ಕೇ ಗಟ್ಟಿಯಾಗಿ ಮಾತಾಡುತ್ತೇನೆ. ಬೇರೆ ಕಾರಣವಿಲ್ಲ.


ಧಾರವಾಡದಿಂದ, ಮಂಗಳವಾರ ಸಂಜೆ 5:30

ಎಲ್ಲರೂ ಮೊದಲನೇ ಪ್ರಶ್ನೆಗೇ ಜೋತುಬಿದ್ದಿದ್ದೀರಿ. ಎರಡನೆಯದು ನನಗೆ ಹೆಚ್ಚು ಮುಖ್ಯ ಅನಿಸಿತು.

ಲ್ಯಾಟಿನ್ನಿನ ‘ಲೋಕುಸ್’ ಅಂದರೆ ಸ್ಥಳ. ‘ಲೋಕಿ’ ಬಹುವಚನ. ಗ್ರೀಕಿನ ‘ತೊಪೊಸ್’ ಕೂಡ ಸ್ಥಳವೇ, ಇಂಗ್ಲಿಷಿನ ಟಾಪಿಕ್ ಬಂದಿದ್ದು ಅದರಿಂದ. ಒಂದು ವಿಷಯಕ್ಕೆ ಬೇಕಾದ ಮಾತು, ಪ್ರಮಾಣ, ವಾದ ಎಲ್ಲ ಕೂಡಿಟ್ಟ ಜಾಗ ಅಂತ ಅವರ ಕಲ್ಪನೆ. ಮೆಲಾಂಕ್‌ಥಾನ್ 1521ರಲ್ಲಿ ಇದೇ ಹೆಸರಿನಲ್ಲಿ ಮೊದಲು ಬರೆದರು, ಆಗ ಅವರಿಗೂ ಇಪ್ಪತ್ತನಾಲ್ಕೇ. ಅದು ಕೈಯಲ್ಲಿ ಹಿಡಿಯುವಷ್ಟು ಸಣ್ಣದು. ಗೆರ್ಹಾರ್ಡರ ಕೈಯಲ್ಲಿ ಅದೇ ಪದ್ಧತಿ ಒಂಬತ್ತು ಸಂಪುಟವಾಯಿತು.

ಕನ್ನಡದಲ್ಲಿ ಈ ಪದ್ಧತಿಗೆ ಹೆಸರಿದೆ. ಅದು ಸ್ಥಲ. ಸ್ಥಲಕಟ್ಟಿನ, ಅಂದರೆ ಸ್ಥಲಗಳಾಗಿ ವಿಂಗಡಿಸಿ ಜೋಡಿಸಿದ, ಶರಣರ ವಚನಗಳನ್ನು ತೆಗೆದು ನೋಡಿ. ಪಿಂಡಸ್ಥಲ, ಪಿಂಡಜ್ಞಾನಸ್ಥಲ, ಸಂಸಾರಹೇಯಸ್ಥಲ, ಗುರುಕಾರುಣ್ಯಸ್ಥಲ. ಒಂದೊಂದು ತಲೆಬರಹದ ಕೆಳಗೆ ಆ ವಿಷಯದ ವಚನಗಳನ್ನು ತಂದು ಇಟ್ಟಿದ್ದಾರೆ. 15ನೇ ಶತಮಾನದಲ್ಲಿ ಜಕ್ಕಣಾರ್ಯರು ನೂರೊಂದು ಸ್ಥಲಗಳ ಕ್ರಮದಲ್ಲಿ ಜೋಡಿಸಿದರು. ಬೈಬಲ್ಲಿನ ವಾಕ್ಯಗಳನ್ನೂ ಸಭಾಪಿತೃಗಳ ಮಾತುಗಳನ್ನೂ ಗೆರ್ಹಾರ್ಡ್ ಜೋಡಿಸಿದ್ದು ಇದೇ ರೀತಿ. ಪದ ಪದಕ್ಕೂ ಒಂದೇ ಅರ್ಥ, ಕೆಲಸವೂ ಒಂದೇ. ‘ದೇವತಾಶಾಸ್ತ್ರದ ಸ್ಥಲಗಳು’ ಅಂತ ಧೈರ್ಯವಾಗಿ ಬರೀರಿ. ವಿಷಯ, ಗಿಷಯ ಬ್ಯಾಡ.


ಬೆಂಗಳೂರಿನಿಂದ, ಮಂಗಳವಾರ ಸಂಜೆ 6:10

ಇದನ್ನು ಒಪ್ಪಲಾರೆ. ವೀರಶೈವರ ಆರು ಸ್ಥಲಗಳು ಇವು: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಸ್ಥಲ ಅಂದರೆ ಸಾಧಕ ನಿಲ್ಲುವ ನೆಲೆ, ಒಂದರಿಂದ ಒಂದಕ್ಕೆ ಏರುವ ದಾರಿ. ಗೆರ್ಹಾರ್ಡರ ಲೋಕಿ ಏರುವ ಮೆಟ್ಟಿಲಲ್ಲ. ಒಂದು ಪಂಥದ ಅನುಭವದ ಪದವನ್ನು ಇನ್ನೊಂದರ ಪಠ್ಯಪುಸ್ತಕಕ್ಕೆ ಹಚ್ಚಿದರೆ ಎರಡಕ್ಕೂ ಅನ್ಯಾಯ.


ಧಾರವಾಡದಿಂದ, ಮಂಗಳವಾರ ಸಂಜೆ 6:22

ಆರು ಸ್ಥಲ ನಿಲುವುಗಳು, ಸರಿ. ಆದರೆ ಅವುಗಳ ಒಳಗಿನ ಸಣ್ಣ ಸ್ಥಲಗಳನ್ನು ನೋಡದೆ ಮಾತಾಡಬೇಡಿ. ‘ಸಂಸಾರಹೇಯ’ ನಿಲುವೋ, ವಿಷಯವೋ? ಓದಿದವರಿಗೆ ಗೊತ್ತಾಗುತ್ತದೆ.


ಉಡುಪಿಯಿಂದ, ಮಂಗಳವಾರ ರಾತ್ರಿ 8:45

ಯೇನಾದವರು ‘ಶಾಸ್ತ್ರವಾದ’ ಅಂದದ್ದಕ್ಕೆ ನಮ್ಮ ಮಠಗಳಲ್ಲಿ ‘ವಾಕ್ಯಾರ್ಥ’ ಅನ್ನುತ್ತಾರೆ. ಒಬ್ಬರು ವಿಷಯ ಇಡುವುದು, ಇನ್ನೊಬ್ಬರು ಪೂರ್ವಪಕ್ಷ ಎತ್ತುವುದು, ಹಿರಿಯರೊಬ್ಬರು ಅಧ್ಯಕ್ಷತೆ ವಹಿಸುವುದು. ಜರ್ಮನ್ ವಿಶ್ವವಿದ್ಯಾಲಯಗಳಲ್ಲೂ ಹೀಗೇ ಮೂರು ಪಾತ್ರ. ಬೇಕಿದ್ದರೆ ಬಳಸಿಕೊಳ್ಳಿ. ಹಾಗೇ ಇನ್ನೊಂದು ಮಾತು: ಇಷ್ಟು ಹಳಬರಿಗೆ ‘ಅವರು’ ಬೇಕೇ? ಕೇಶಿರಾಜ ‘ಹೇಳಿದ್ದಾನೆ’ ಅನ್ನುತ್ತೇವಲ್ಲ?


ಮಂಗಳೂರಿನಿಂದ, ಬುಧವಾರ ಬೆಳಿಗ್ಗೆ 11:30

ಎಲ್ಲರಿಗೂ ತುಂಬ ಥ್ಯಾಂಕ್ಸ್. ಒಂದು ದಿನದಲ್ಲಿ ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ತೆಂಗಿನಮರದ ವಿಷಯವಂತೂ ಪುಟದ ಮೂಲೆಯಲ್ಲಿ ಪೆಟ್ಟಿಗೆ ಕಟ್ಟಿ ಹಾಕಿದ್ದೇನೆ.

‘ಅವರು’ ಇರಲಿ ಸರ್. ಸಭೆಯ ಪುಸ್ತಕದಲ್ಲಿ ಹಿರಿಯರನ್ನು ಏಕವಚನದಲ್ಲಿ ಬರೆದರೆ ನಮ್ಮವರಿಗೆ ನೋವಾಗುತ್ತದೆ. ‘ವಾಕ್ಯಾರ್ಥ’ ಬಳಸಲು ಆಸೆಯಾಯಿತು. ಆದರೆ ನಮ್ಮಲ್ಲಿ ‘ವಾಕ್ಯ’ ಅಂದರೆ ದೇವರ ವಾಕ್ಯ. ಅರ್ಥ ಬೇರೆ ಕಡೆ ಹೋಗುತ್ತದೆ. ಹಾಗಾಗಿ ‘ಶಾಸ್ತ್ರವಾದ’.

‘ಲೋಕಿ’ಗೆ ‘ಸ್ಥಲ’ ಹಾಕುವ ಮನಸ್ಸು ನಿಜವಾಗಿ ಬಂತು. ರಾತ್ರಿ ಹನ್ನೊಂದರವರೆಗೆ ಅದೇ ಇತ್ತು. ಕೊನೆಗೆ ಹೀಗೆ ಮಾಡಿದೆ: ಹೆಸರು ‘ಲೋಕಿ ಥಿಯೊಲಾಜಿಕಿ’ ಅಂತಲೇ ಇಟ್ಟು, “ವಚನಗಳನ್ನು ಸ್ಥಲಗಳಾಗಿ ಕಟ್ಟಿದಂತೆ, ನಂಬಿಕೆಯ ಒಂದೊಂದು ವಿಷಯಕ್ಕೂ ಒಂದೊಂದು ಸ್ಥಳ ಮಾಡಿ ಕಟ್ಟಿದ ಗ್ರಂಥ” ಅಂತ ಒಂದು ಸಾಲು ಸೇರಿಸಿದೆ. ಧಾರವಾಡದವರೂ ಬೆಂಗಳೂರಿನವರೂ ಬೇಸರ ಮಾಡಿಕೊಳ್ಳಬೇಡಿ.

ಈಗ ಸೂಪರಿಂಟೆಂಡೆಂಟ್. ನಿಮ್ಮ ಪದಗಳನ್ನೆಲ್ಲ ಬೆಳಿಗ್ಗೆ ಅಜ್ಜಿ ಮುಂದೆ ಇಟ್ಟೆ. ಅವರು ಗಂಜಿಗೆ ಉಪ್ಪಿನಕಾಯಿ ನಂಚಿಕೊಳ್ಳುತ್ತಾ ಕೇಳಿದರು. ಹೆಗ್ಗಡೆ ಅಂದಾಗ “ಯಾವ ಮನೆಯವರು?” ಅಂದರು. ಪಾರುಪತ್ಯಗಾರ ಅಂದಾಗ ಅರ್ಥವಾಯಿತು, ಆದರೆ “ಅದು ದೇವಸ್ಥಾನದ್ದಲ್ಲವಾ ಮಗಾ” ಅಂದರು. ಆಮೇಲೆ ನಾನು ಪದ ಬಿಟ್ಟು ಕೆಲಸ ಹೇಳಿದೆ. ಯೇನಾದವರು ಬರೆದಿದ್ದನ್ನೇ ಹೇಳಿದೆ. ಊರೂರಿಗೆ ಹೋಗಿ ಸಭಾಪಾಲಕರು ಹೇಗೆ ಬೋಧಿಸುತ್ತಾರೆ, ಹೇಗೆ ಬದುಕುತ್ತಾರೆ ಅಂತ ನೋಡೋದು, ಹೊಸಬರನ್ನು ಪರೀಕ್ಷೆ ಮಾಡೋದು. ಅಜ್ಜಿ ಬಟ್ಟಲು ಕೆಳಗಿಟ್ಟರು. “ಹಾಗಾದರೆ ಸಭೆಗಳನ್ನು ವಿಚಾರಿಸಿಕೊಳ್ಳುವವರು ಅನ್ನು” ಅಂದರು. “ಅಯ್ಯನವರನ್ನೂ ಯಾರಾದರೂ ವಿಚಾರಿಸಿಕೊಳ್ಳಬೇಕಲ್ಲ.”

ವಿಚಾರಿಸಿಕೊಳ್ಳುವುದು. ಕೇಳುವುದೂ ಅದರಲ್ಲಿದೆ, ನೋಡಿಕೊಳ್ಳುವುದೂ ಇದೆ. ಬೆಂಗಳೂರಿನವರು ‘ವಿಚಾರ’ ಹಳ್ಳಿಯಲ್ಲೂ ಇದೆ ಅಂದರಲ್ಲ, ಅದು ನನ್ನ ಅಜ್ಜಿಯ ಬಾಯಲ್ಲೇ ಇತ್ತು. ಈಗ ವಾಕ್ಯ ಹೀಗಿದೆ:

“ಅದೇ ವರ್ಷ ಕೋಬುರ್ಗಿನ ಡ್ಯೂಕ್ ಯೊಹಾನ್ ಕಾಸಿಮಿರ್, ಗೆರ್ಹಾರ್ಡರನ್ನು ಹೆಲ್ಡ್‌ಬುರ್ಗಿಗೆ ಕರೆಸಿ, ಸುತ್ತಲಿನ ಸಭೆಗಳನ್ನೂ ಸಭಾಪಾಲಕರನ್ನೂ ವಿಚಾರಿಸಿಕೊಳ್ಳುವ ಹೊಣೆ ಒಪ್ಪಿಸಿದರು. ಈ ಹುದ್ದೆಗೆ ಅಲ್ಲಿ ಸೂಪರಿಂಟೆಂಡೆಂಟ್ ಎಂದು ಹೆಸರು. ಆಗ ಅವರಿಗೆ ಸುಮಾರು 24 ವರ್ಷ.”

ಒಂದೇ ಒಂದು ಉಳಿದಿದೆ. 1615ರ ‘ಜನರಲ್ ಸೂಪರಿಂಟೆಂಡೆಂಟ್’. ಆ ‘ಜನರಲ್’ಗೆ ಏನು ಮಾಡಲಿ? ಮಹಾ ಅನ್ನಲೇ, ಪ್ರಧಾನ ಅನ್ನಲೇ? ನಾಲ್ಕು ಗಂಟೆಯೊಳಗೆ ಹೇಳಿದರೆ ಉಪಕಾರ.


ಮೈಸೂರಿನಿಂದ, ಬುಧವಾರ ಮಧ್ಯಾಹ್ನ 12:05

ಎರಡೂ ಬೇಡ. ಹೆಗ್ಗಡೆ ಒಪ್ಪಿದ್ದರೆ ‘ಹಿರಿಯ ಹೆಗ್ಗಡೆ’ ಅನ್ನಬಹುದಿತ್ತು. ನೀವು ಒಪ್ಪಲಿಲ್ಲ.

“1615ರಲ್ಲಿ ಇಡೀ ಸಂಸ್ಥಾನದ ಸಭೆಗಳನ್ನು ವಿಚಾರಿಸಿಕೊಳ್ಳುವ ಹೊಣೆ ಬಂತು” ಅಂತ ಹಾಕಿ. ‘ಇಡೀ’ ಅಂದರೆ ಸಾಕು, ‘ಜನರಲ್’ ಬೇಕಾಗುವುದಿಲ್ಲ. ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ನಿಮ್ಮ ಅಜ್ಜಿಗೆ ನನ್ನ ನಮಸ್ಕಾರ ಹೇಳಿ.